ಆಫೀಸಿನಲ್ಲಿ ಬಾಸ್ ಕಾಟ ಜಾಸ್ತಿ ಆಗಿದೆಯಾ? ರಾಜೀನಾಮೆ ಬರೆಯುವ ಮೊದಲು ಇಷ್ಟು ಮಾಡಿ

ಇವತ್ತು ರಾತ್ರಿ ರಾಜೀನಾಮೆ ಮೇಲ್ ಕಳಿಸಬೇಡಿ. ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು ಇದು. ಎಲ್ಲರ ಮುಂದೆ ಬೈಸಿಕೊಂಡು, ಬಸ್ಸಿನಲ್ಲಿ ಕಣ್ಣೊರೆಸಿಕೊಂಡು ಮನೆಗೆ ಬಂದ ದಿನ "ಈ ಕೆಲಸವೇ ಬೇಡ" ಅನ್ನಿಸುವುದು ಸಹಜ. ಆದರೆ ಸಿಟ್ಟಿನಲ್ಲಿ ಕಳಿಸಿದ ಆ ಎರಡು ಸಾಲಿನಿಂದ ಅನುಕೂಲ ಆಗುವುದು ಕಾಟ ಕೊಟ್ಟವರಿಗೇ. ನಿಮ್ಮ ನೋಟಿಸ್ ಪಿರಿಯಡ್ ಶುರುವಾಗುತ್ತದೆ, ಅವರು ಏನು ಮಾಡಿದರು ಅನ್ನುವುದು ಎಲ್ಲೂ ದಾಖಲಾಗುವುದಿಲ್ಲ, ಬಾಡಿಗೆ ಮತ್ತು ಇಎಂಐ ಮಾತ್ರ ತಿಂಗಳಿಗೆ ಸರಿಯಾಗಿ ಬಂದು ನಿಲ್ಲುತ್ತವೆ.

ಐಟಿ ಕಂಪನಿ, ಬಿಪಿಒ, ಶೋರೂಂ, ಖಾಸಗಿ ಶಾಲೆ, ಪೀಣ್ಯದ ಗಾರ್ಮೆಂಟ್ಸ್, ನೀವು ಎಲ್ಲೇ ಕೆಲಸ ಮಾಡುತ್ತಿರಿ. ಕಾಟದ ರೀತಿ ಬೇರೆ ಬೇರೆ ಇರಬಹುದು, ಆದರೆ ಒಂದು ವಿಷಯ ಎಲ್ಲ ಕಡೆಯೂ ಒಂದೇ. ಕಾಟ ನಡೆಯುವುದು ಹೆಚ್ಚಾಗಿ ಬಾಯಿಮಾತಿನಲ್ಲಿ. ಅದು ಬಾಯಿಮಾತಾಗಿಯೇ ಉಳಿದಷ್ಟು ದಿನ ಕೊಡುವವರಿಗೆ ಭಯವಿಲ್ಲ. "ನಾನು ಹಾಗೆ ಹೇಳೇ ಇಲ್ಲ" ಅಂದರೆ ಮುಗಿಯಿತು. ಅದನ್ನು ಬರಹಕ್ಕೆ ತರುವುದು, ಜೊತೆಗೆ ಒಬ್ಬರೇ ಉಳಿಯದೆ ಇನ್ನೊಬ್ಬರನ್ನು ಸೇರಿಸಿಕೊಳ್ಳುವುದು, ನಿಮ್ಮ ಕೈಯಲ್ಲಿರುವ ದೊಡ್ಡ ಬಲ ಇವೆರಡೇ. ಮುಂದೆ ಬರೆದಿರುವುದೆಲ್ಲ ಇವನ್ನು ಹೇಗೆ ಮಾಡಬೇಕು ಅನ್ನುವುದರ ಬಗ್ಗೆ.

ಸ್ಟ್ರಿಕ್ಟ್ ಆಗಿರುವುದು ಬೇರೆ, ಕಾಟ ಕೊಡುವುದು ಬೇರೆ

ಜೋರಾಗಿ ಮಾತಾಡುವ ಮ್ಯಾನೇಜರ್‌ಗಳೆಲ್ಲ ಕೆಟ್ಟವರಲ್ಲ. ಕೆಲವರು ಡೆಡ್‌ಲೈನ್ ಹತ್ತಿರ ಬಂದಾಗ ಕೂಗಾಡುತ್ತಾರೆ, ಮರುದಿನ ಅದನ್ನು ಮರೆತು ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಅವರು ಬೈಯುವುದು ಕೆಲಸದ ಬಗ್ಗೆ. ಎಲ್ಲಿ ತಪ್ಪಾಯಿತು ಅಂತ ಕೇಳಿದರೆ ತೋರಿಸುತ್ತಾರೆ. ಇದು ಬೇಸರದ ವಿಷಯ ಹೌದು, ಆದರೆ ಇದಕ್ಕೆ ಕುಳಿತು ಮಾತಾಡಿದರೆ ಸಾಕು.

ಕಾಟ ಕೊಡುವವರ ರೀತಿಯೇ ಬೇರೆ. ಗುರಿ ಒಬ್ಬರೇ, ಮತ್ತೆ ಮತ್ತೆ ಅವರೇ. ಕೆಲಸ ಬಿಟ್ಟು ನಿಮ್ಮ ಬಣ್ಣ, ಊರು, ಜಾತಿ, ಮದುವೆ, ಮಕ್ಕಳಿಲ್ಲದಿರುವುದು ಇಂಥದ್ದಕ್ಕೆ ಕೈ ಹಾಕುತ್ತಾರೆ. ಮೀಟಿಂಗ್ ಇದೆ ಅಂತ ಹೇಳುವುದಿಲ್ಲ, ಆಮೇಲೆ "ಯಾಕೆ ಬರಲಿಲ್ಲ" ಅಂತ ಎಲ್ಲರ ಮುಂದೆ ಕೇಳುತ್ತಾರೆ. ಟಾರ್ಗೆಟ್ ಮುಟ್ಟಿದ ಕೂಡಲೇ ಟಾರ್ಗೆಟ್ಟನ್ನೇ ಬದಲಾಯಿಸುತ್ತಾರೆ. ಅಜ್ಜಿ ತೀರಿಕೊಂಡಿದ್ದಾರೆ ಅಂತ ರಜೆ ಕೇಳಿದರೆ ಸಾಕ್ಷಿ ಕೇಳುತ್ತಾರೆ. ರಾತ್ರಿ ಹತ್ತೂವರೆಗೆ ಫೋನ್ ಮಾಡಿ, ಎತ್ತದಿದ್ದರೆ ಬೆಳಗ್ಗೆ ಅದನ್ನೇ ದೊಡ್ಡ ಕಥೆ ಮಾಡುತ್ತಾರೆ. ಕೆಲಸವನ್ನೇ ಕೊಡದೆ ತಿಂಗಳುಗಟ್ಟಲೆ ಸುಮ್ನೆ ಕೂರಿಸುವುದೂ ಕಾಟವೇ. ಅದು ಬೈಗುಳಕ್ಕಿಂತ ಕೆಟ್ಟದ್ದು ಅಂತ ನನಗನ್ನಿಸುತ್ತದೆ, ಯಾಕಂದರೆ ಹೊರಗಿನವರಿಗೆ ಅದು ಆರಾಮದ ಕೆಲಸದ ಹಾಗೆ ಕಾಣುತ್ತದೆ.

ಇಂಗ್ಲಿಷಿನ ವಿಷಯ ಬೇರೆಯಾಗಿಯೇ ಹೇಳಬೇಕು. ಕನ್ನಡ ಮೀಡಿಯಂನಲ್ಲಿ ಓದಿ, ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದು, ಕೆಲಸದಲ್ಲಿ ಚುರುಕಾಗಿರುವ ಹುಡುಗ ಹುಡುಗಿಯರು ಕಾಲ್‌ನಲ್ಲಿ ಒಂದು ಪದ ತಪ್ಪು ಹೇಳಿದ್ದಕ್ಕೆ ವರ್ಷಗಟ್ಟಲೆ ನಗೆಪಾಟಲಾಗುತ್ತಾರೆ. ಆಮೇಲೆ ಅವರು ಮೀಟಿಂಗ್‌ನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ. ಅಪ್ರೈಸಲ್‌ನಲ್ಲಿ "ಕಮ್ಯುನಿಕೇಷನ್ ಸಾಲದು" ಅಂತ ಬರೆಯುತ್ತಾರೆ. ಇದು ತಮಾಷೆ ಅಲ್ಲ, ಒಬ್ಬರ ಅನ್ನಕ್ಕೆ ಕಲ್ಲು ಹಾಕುವ ಕೆಲಸ. ನಿಮಗೆ ಹೀಗಾಗುತ್ತಿದ್ದರೆ ಇದನ್ನೂ ಕಾಟದ ಪಟ್ಟಿಯಲ್ಲಿ ಬರೆದುಕೊಳ್ಳಿ, ನಾಚಿಕೆ ಬೇಡ.

ಬರೆದಿಡುವುದು ಹೇಗೆ

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಬೇಡ, ಯಾಕಂದರೆ ಅದು ಕಂಪನಿಯದು, ಯಾವ ದಿನ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು. ಏನಾದರೂ ನಡೆದ ದಿನವೇ, ಮಲಗುವ ಮೊದಲು ಬರೆಯಿರಿ. ತಾರೀಖು, ಹೊತ್ತು, ಜಾಗ, ಯಾರ‍್ಯಾರು ಇದ್ದರು, ಅವರು ಆಡಿದ ಮಾತು ಇದ್ದ ಹಾಗೇ, ನೀವು ಏನು ಹೇಳಿದಿರಿ, ಆಮೇಲೆ ಏನಾಯಿತು.

"ತುಂಬಾ ಅವಮಾನ ಮಾಡಿದರು" ಅಂತ ಬರೆದರೆ ಮುಂದೆ ಉಪಯೋಗಕ್ಕೆ ಬರುವುದಿಲ್ಲ. "ಸೋಮವಾರ ಬೆಳಗ್ಗೆ 10.30ರ ಮೀಟಿಂಗ್‌ನಲ್ಲಿ, ಟೀಮಿನ ಆರು ಜನರ ಮುಂದೆ, 'ನಿನ್ನ ತಲೇಲಿ ಏನಿದೆ, ಸಗಣಿನಾ? ನಿನ್ನಂಥವರಿಗೆ ಕೆಲಸ ಕೊಟ್ಟಿದ್ದೇ ತಪ್ಪು' ಅಂದರು" ಅಂತ ಬರೆದರೆ ಅದಕ್ಕೆ ತೂಕ ಬರುತ್ತದೆ. ಬೈಗುಳವನ್ನು ಬರೆಯೋಕೆ ಸಂಕೋಚ ಆಗಬಹುದು. ಆದರೂ ಬರೆಯಿರಿ, ಆ ಮಾತು ನಿಮ್ಮದಲ್ಲ. ಅದರ ನಾಚಿಕೆಯನ್ನು ನೀವು ಹೊರಬೇಕಾಗಿಲ್ಲ.

ಎರಡನೆಯದು, ಬಾಯಲ್ಲಿ ಹೇಳಿದ್ದನ್ನು ಮೇಲ್‌ಗೆ ತರುವುದು. ಇದು ಬಹಳ ಜನ ಮಾಡದ ಕೆಲಸ, ಆದರೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಇದೇ. ಬಾಸ್ ಕ್ಯಾಬಿನ್‌ಗೆ ಕರೆದು ಆಗದ ಕೆಲಸ ಹೇಳಿದರು ಅಂತಿಟ್ಟುಕೊಳ್ಳಿ. ಹೊರಗೆ ಬಂದ ಕೂಡಲೇ ಒಂದು ಮೇಲ್ ಹಾಕಿ. ಇಂಗ್ಲಿಷಿನಲ್ಲೇ ಬರೆಯುವ ರೂಢಿ ಇದ್ದರೆ ಹಾಗೇ ಬರೆಯಿರಿ, ಸಾರ ಮಾತ್ರ ಹೀಗಿರಲಿ:

"ಸರ್, ಈಗ ನಾವು ಮಾತಾಡಿದ್ದರ ಪ್ರಕಾರ ಎ ಮತ್ತು ಬಿ ಎರಡೂ ಶುಕ್ರವಾರದೊಳಗೆ ಮುಗಿಯಬೇಕು. ನನ್ನ ಬಳಿ ಈಗಾಗಲೇ ಸಿ ಕೆಲಸ ಇದೆ, ಅದಕ್ಕೆ ಎರಡು ದಿನ ಬೇಕು. ಮೊದಲು ಯಾವುದನ್ನು ಮಾಡಲಿ ಅಂತ ದಯವಿಟ್ಟು ತಿಳಿಸಿ. ನಾನು ಏನಾದರೂ ತಪ್ಪಾಗಿ ಕೇಳಿಸಿಕೊಂಡಿದ್ದರೆ ಸರಿಪಡಿಸಿ."

ಇದರಲ್ಲಿ ದೂರಿಲ್ಲ, ಸಿಟ್ಟಿಲ್ಲ. ಆದರೆ ತಾರೀಖು ಇದೆ, ಹೊತ್ತು ಇದೆ. ಉತ್ತರ ಬಂದರೆ ಒಂದು ದಾಖಲೆ, ಬರದಿದ್ದರೂ ಒಂದು ದಾಖಲೆ. ಹೀಗೆ ಕೆಲವು ಮೇಲ್ ಹೋದ ಮೇಲೆ ಎಷ್ಟೋ ಬಾಸ್‌ಗಳ ಮಾತಿನ ಧಾಟಿ ತಾನಾಗಿಯೇ ಬದಲಾಗುತ್ತದೆ, ಯಾಕಂದರೆ ಎದುರಿನವರು ಲೆಕ್ಕ ಇಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ನಿಮ್ಮನ್ನು ಹೊಗಳಿದ ಹಳೆಯ ಮೇಲ್, ಹಿಂದಿನ ಅಪ್ರೈಸಲ್ ರೇಟಿಂಗ್, ಕ್ಲೈಂಟ್ ಕಳಿಸಿದ ಥ್ಯಾಂಕ್ಸ್, ಇವುಗಳ ತಾರೀಖನ್ನೂ ಬರೆದಿಡಿ. ಮೂರು ವರ್ಷ ಚೆನ್ನಾಗಿ ಕೆಲಸ ಮಾಡಿದವರು ಹೊಸ ಮ್ಯಾನೇಜರ್ ಬಂದ ಎರಡೇ ತಿಂಗಳಿಗೆ "ಕೆಲಸಕ್ಕೆ ಬಾರದವರು" ಆಗಿಬಿಟ್ಟರೆ, ಆ ತಾರೀಖುಗಳೇ ನಿಮ್ಮ ಪರ ಮಾತಾಡುತ್ತವೆ.

ಒಂದು ಎಚ್ಚರಿಕೆ. ಸಾಕ್ಷಿ ಸಂಗ್ರಹಿಸುವ ಭರದಲ್ಲಿ ಕಂಪನಿಯ ಕೋಡ್, ಗ್ರಾಹಕರ ಮಾಹಿತಿ, ಗುಟ್ಟಿನ ಕಡತ ಇವನ್ನು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಅದೊಂದೇ ಕಾರಣಕ್ಕೆ ನಿಮ್ಮನ್ನು ತೆಗೆಯಬಹುದು, ಆಗ ನಿಮ್ಮ ನಿಜವಾದ ದೂರು ಮೂಲೆಗೆ ಬೀಳುತ್ತದೆ. ಬ್ಯಾಂಕ್ ಕೆಲಸ ಮಾಡುವ ಬಿಪಿಒ ಫ್ಲೋರ್‌ಗಳಲ್ಲಿ ಮೊಬೈಲೇ ತರಬಾರದು ಅಂತ ನಿಯಮ ಇರುತ್ತದೆ. ಅಲ್ಲಿ ಫೋಟೋ ತೆಗೆಯುವ ಸಾಹಸ ಬೇಡ, ನೋಟ್‌ಬುಕ್ ಸಾಕು.

ವಾಟ್ಸಾಪ್‌ನಲ್ಲಿ ಬಂದ ಬೈಗುಳ, ವಾಯ್ಸ್ ಮೆಸೇಜ್ ಇದ್ದರೆ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಡಿ, ಚಾಟನ್ನು ಎಕ್ಸ್‌ಪೋರ್ಟ್ ಮಾಡಿ, ಆದರೆ ಮೂಲ ಮೆಸೇಜ್ ಇರುವ ಫೋನನ್ನೂ ಜೋಪಾನ ಮಾಡಿ. ಮುಂದೆ ಕೋರ್ಟಿಗೆ ಹೋದರೆ, ಹೀಗೆ ತೆಗೆದ ಪ್ರತಿಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಆಗ ಅದು ಯಾವ ಫೋನಿನಿಂದ ಬಂತು ಅನ್ನುವುದು ಮುಖ್ಯ. ಇನ್ನು ಗುಟ್ಟಾಗಿ ಮಾತು ರೆಕಾರ್ಡ್ ಮಾಡುವುದು. ಎಷ್ಟೋ ಕಂಪನಿಗಳ ಪಾಲಿಸಿಯಲ್ಲಿ ಅದಕ್ಕೆ ತಡೆ ಇರುತ್ತದೆ. ಹೊಡೆಯುತ್ತೇನೆ, ನೋಡಿಕೊಳ್ಳುತ್ತೇನೆ ಅನ್ನುವ ಬೆದರಿಕೆ ಇದ್ದರೆ ನಾನಾದರೂ ರೆಕಾರ್ಡ್ ಮಾಡು ಅಂತಲೇ ಹೇಳುತ್ತೇನೆ. ಬರೀ ದಿನನಿತ್ಯದ ಕಿರಿಕಿರಿಗೆ ಮೇಲ್ ದಾರಿಯೇ ಒಳ್ಳೆಯದು.

ಎದುರಿಗೆ ಹೇಳುವ ಮಾತು

ಎದುರು ಮಾತಾಡಿದರೆ ಕೆಲಸ ಹೋಗುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಎದುರು ಮಾತಾಡುವುದು ಅಂದರೆ ಜಗಳ ಆಡುವುದು ಅಂದುಕೊಂಡಿರುವುದರಿಂದ ಹಾಗನ್ನಿಸುತ್ತದೆ. ಚಿಕ್ಕ ಮಾತು, ತಗ್ಗಿದ ದನಿ, ಒಂದೇ ವಿಷಯ, ಇಷ್ಟಿದ್ದರೆ ಸಾಕು. ಆಡಬೇಕಾದ ಮಾತನ್ನು ಮನೆಯಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿ, ಆಗ ಹೊತ್ತಿಗೆ ಸರಿಯಾಗಿ ಬಾಯಿಗೆ ಬರುತ್ತದೆ.

"ಸರ್, ತಪ್ಪಿದ್ದರೆ ಹೇಳಿ, ಸರಿಮಾಡ್ತೀನಿ. ಆದರೆ ಹೀಗೆ ಎಲ್ಲರ ಮುಂದೆ ಬೈಬೇಡಿ."

"ಮೇಡಂ, ನನ್ನ ಮನೆ ವಿಷಯ ಇಲ್ಲಿ ಬೇಡ. ರಿಪೋರ್ಟ್ ಬಗ್ಗೆ ಮಾತ್ರ ಮಾತಾಡೋಣ."

"ನನ್ನ ಇಂಗ್ಲಿಷ್ ಇರಲಿ ಸರ್, ನಾನು ಹೇಳಿದ ವಿಷಯ ಸರಿ ಇದೆಯಾ ಇಲ್ವಾ ಹೇಳಿ."

ಹೇಳಿ ಸುಮ್ಮನಾಗಿ. ವಿವರಣೆ ಕೊಡುತ್ತಾ ಹೋಗಬೇಡಿ. ಅವರು ಇನ್ನೂ ಕೂಗಾಡಿದರೆ "ನೀವು ಸಮಾಧಾನ ಆದಮೇಲೆ ಬರ್ತೀನಿ ಸರ್" ಅಂತ ಹೇಳಿ ಹೊರಗೆ ಬನ್ನಿ. ತಿರುಗಿ ಬೈಯಬೇಡಿ. ಬೈದ ಕ್ಷಣಕ್ಕೆ ಎದೆ ಹಗುರ ಆಗಬಹುದು, ಆದರೆ ಮರುದಿನದಿಂದ ಎಲ್ಲರ ಬಾಯಲ್ಲೂ ನಿಮ್ಮ ಆ ಒಂದು ಮಾತೇ ಓಡಾಡುತ್ತದೆ, ಅವರು ಆರು ತಿಂಗಳು ಕೊಟ್ಟ ಕಾಟ ಯಾರಿಗೂ ನೆನಪಿರುವುದಿಲ್ಲ.

ಬೆದರಿಕೆ ಹಾಕುವ, ಮೈಮೇಲೆ ಬರುವ ಮನುಷ್ಯನ ಹತ್ತಿರ ಇದ್ಯಾವುದನ್ನೂ ಮಾಡಬೇಡಿ. ಅಂಥವರ ಕ್ಯಾಬಿನ್‌ಗೆ ಒಬ್ಬರೇ ಹೋಗುವುದೂ ಬೇಡ.

ಸಹೋದ್ಯೋಗಿಗಳ ಕಾಟ ಇನ್ನೊಂದು ತರಹ. ಚಾಡಿ ಹೇಳುವುದು, ನಿಮ್ಮ ಕೆಲಸವನ್ನು ತಮ್ಮ ಹೆಸರಲ್ಲಿ ತೋರಿಸುವುದು, ನಿಮ್ಮೊಬ್ಬರನ್ನು ಬಿಟ್ಟು ವಾಟ್ಸಾಪ್ ಗ್ರೂಪ್ ಮಾಡಿ ಕೆಲಸದ ಮಾಹಿತಿಯನ್ನೂ ಅದರಲ್ಲೇ ಹಾಕುವುದು, ಊಟಕ್ಕೆ ಎದ್ದು ಹೋಗುವಾಗ ನಿಮ್ಮನ್ನು ಕರೆಯದಿರುವುದು. ಊಟಕ್ಕೆ ಕರೆಯದಿದ್ದರೆ ನೋವಾಗುತ್ತದೆ, ಆದರೆ ಅದಕ್ಕೆ ದೂರು ಕೊಡೋಕೆ ಆಗಲ್ಲ. ಬೇರೆ ಟೀಮಿನವರ ಜೊತೆ ಊಟಕ್ಕೆ ಕೂತುಕೊಳ್ಳಿ, ಆಫೀಸಿನಲ್ಲಿ ನಾಲ್ಕು ಜನ ಬೇರೆ ಕಡೆ ಪರಿಚಯ ಇರುವುದು ಮುಂದೆ ನಿಮಗೇ ಒಳ್ಳೆಯದು. ಕೆಲಸದ ಮಾಹಿತಿ ತಪ್ಪಿಸಿದರೆ ಮಾತ್ರ ಬಿಡಬೇಡಿ, ಮ್ಯಾನೇಜರ್‌ಗೆ ಬರೆಯಿರಿ: "ಈ ಮಾಹಿತಿ ನನಗೆ ಬಂದಿಲ್ಲ, ಮುಂದಿನಿಂದ ಮೇಲ್‌ನಲ್ಲಿ ನನ್ನನ್ನೂ ಸೇರಿಸಿ." ಕೆಲಸ ಕದಿಯುವವರಿಗೆ ಮದ್ದು, ಅವರು ಹೇಳುವ ಮೊದಲೇ ನೀವು ಹೇಳುವುದು. ವಾರಕ್ಕೊಮ್ಮೆ ಏನೇನು ಮುಗಿಸಿದೆ ಅಂತ ಐದು ಸಾಲು ಬರೆದು ಕಳಿಸುವ ಅಭ್ಯಾಸ ಇಟ್ಟುಕೊಳ್ಳಿ.

ಎಚ್‌ಆರ್ ಹತ್ತಿರ ಹೋಗುವಾಗ

ಎಚ್‌ಆರ್‌ನವರು ಕಂಪನಿಯ ನೌಕರರು, ಸಂಬಳ ಕೊಡುವುದು ಕಂಪನಿ. ಅವರು ಕೆಟ್ಟವರು ಅಂತ ಹೇಳುತ್ತಿಲ್ಲ, ಮನಸಾರೆ ಸಹಾಯ ಮಾಡುವವರೂ ಇದ್ದಾರೆ. ಆದರೆ ಅವರ ಕೆಲಸ ಕಂಪನಿಗೆ ತೊಂದರೆ ಆಗದ ಹಾಗೆ ನೋಡಿಕೊಳ್ಳುವುದು. ಹಾಗಾಗಿ ಕಣ್ಣೀರು ಹಾಕಿ ಕಷ್ಟ ಹೇಳಿಕೊಂಡು ಬಂದರೆ ಸಾಲದು. ಇದನ್ನು ಹೀಗೇ ಬಿಟ್ಟರೆ ಕಂಪನಿಗೂ ತೊಂದರೆ ಅಂತ ಅವರಿಗೆ ಅನ್ನಿಸಬೇಕು, ಅದು ಅನ್ನಿಸುವುದು ಬರಹದಿಂದ.

ದೂರು ಒಂದು ಪುಟ ಮೀರದಿರಲಿ. ನೋಟ್‌ಬುಕ್‌ನಲ್ಲಿರುವ ಎಲ್ಲವನ್ನೂ ತುಂಬಬೇಡಿ. ಎಲ್ಲಕ್ಕಿಂತ ಗಟ್ಟಿಯಾದ ಮೂರ‍್ನಾಲ್ಕು ಘಟನೆ ಆರಿಸಿ, ತಾರೀಖು ಮತ್ತು ಅಲ್ಲಿದ್ದವರ ಹೆಸರಿನ ಜೊತೆ ಬರೆಯಿರಿ. "ಅವರು ಸೈಕೋ" ಅಂತ ಬರೆಯಬೇಡಿ, ಅವರು ಏನು ಮಾಡಿದರು ಅಂತ ಬರೆಯಿರಿ. ಇದರಿಂದ ನಿಮ್ಮ ಕೆಲಸಕ್ಕೆ, ಆರೋಗ್ಯಕ್ಕೆ ಏನಾಯಿತು ಅಂತ ಒಂದೆರಡು ಸಾಲು. ಕೊನೆಗೆ ನಿಮಗೆ ಏನು ಬೇಕು ಅಂತ ಸ್ಪಷ್ಟವಾಗಿ ಕೇಳಿ: ಬೇರೆ ಟೀಮ್ ಬೇಕಾ, ಬೇರೆ ಮ್ಯಾನೇಜರ್‌ಗೆ ರಿಪೋರ್ಟ್ ಮಾಡಬೇಕಾ, ಅಪ್ರೈಸಲ್ ಬೇರೆಯವರು ನೋಡಬೇಕಾ. ಏನೂ ಕೇಳದ ದೂರಿಗೆ "ನಾವು ಮಾತಾಡ್ತೀವಿ" ಅನ್ನುವ ಉತ್ತರ ಬಂದು ಅಲ್ಲಿಗೇ ನಿಲ್ಲುತ್ತದೆ.

ಬಾಯಲ್ಲಿ ಮಾತಾಡಿದ ಮೇಲೆ ಅವರಿಗೂ ಅದೇ ತರಹದ ಮೇಲ್ ಹಾಕಿ, "ಇವತ್ತು ಭೇಟಿ ಮಾಡಿ ಹೇಳಿದ ವಿಷಯ ಹೀಗಿದೆ, ಮುಂದೇನು ಅಂತ ತಿಳಿಸಿ" ಅಂತ. ಸಾಧ್ಯವಾದರೆ ಇನ್ನೂ ಒಬ್ಬರನ್ನು ಸೇರಿಸಿಕೊಂಡು ದೂರು ಕೊಡಿ. ಒಬ್ಬರೇ ಹೋದರೆ "ಅವರಿಬ್ಬರಿಗೆ ಆಗಿಬರಲ್ಲ" ಅನ್ನುತ್ತಾರೆ. ಮೂರು ಜನ ಹೋದರೆ ಆ ಮಾತು ನಡೆಯುವುದಿಲ್ಲ.

ದೂರು ಕೊಡಲು ಎಚ್‌ಆರ್ ಒಂದೇ ಬಾಗಿಲು ಅಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಕಡೆಯವರು ಎಷ್ಟು ಜನರೋ ಕೆಲಸಗಾರರ ಕಡೆಯವರೂ ಅಷ್ಟೇ ಜನ ಇರಬೇಕು. ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಬಹುದು. ಕರ್ನಾಟಕದ ಐಟಿ ಕಂಪನಿಗಳ ವಿಷಯದಲ್ಲಿ ಇನ್ನೊಂದು ಮಾತು. 2014ರಿಂದ ರಾಜ್ಯ ಸರ್ಕಾರ ಅವುಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ (ಕೆಲಸದ ಷರತ್ತು, ಶಿಸ್ತಿನ ನಿಯಮಗಳನ್ನು ಬರೆದಿಡಬೇಕು ಅನ್ನುವ ಕಾನೂನು) ವಿನಾಯಿತಿ ಕೊಡುತ್ತಾ ಬಂತು, 2024ರಲ್ಲಿ ಮತ್ತೆ ಐದು ವರ್ಷ ಮುಂದುವರಿಸಿತು. ಆ ವಿನಾಯಿತಿಗೆ ಹಾಕಿದ ಷರತ್ತುಗಳಲ್ಲೂ ಇಂಥ ಸಮಿತಿ ಇರಲೇಬೇಕು ಅಂತ ಇದೆ. ಹಾಗಾಗಿ ಎಚ್‌ಆರ್‌ಗೆ ಬರೆಯುವಾಗ "ನಮ್ಮ ಕುಂದುಕೊರತೆ ಸಮಿತಿಯ ಸದಸ್ಯರು ಯಾರು ಅಂತ ತಿಳಿಸಿ" ಅಂತ ಒಂದು ಸಾಲು ಸೇರಿಸಿ. ಆ ಒಂದು ಸಾಲಿನಿಂದಲೇ ನಿಮಗೆ ವಿಷಯ ಗೊತ್ತಿದೆ ಅಂತ ಅವರಿಗೆ ಅರ್ಥವಾಗುತ್ತದೆ.

ಕಾನೂನು ಎಲ್ಲಿ ಗಟ್ಟಿಯಾಗಿದೆ

ಬಾಸ್ ಬೈಯುತ್ತಾರೆ ಅನ್ನುವುದಕ್ಕೇ ಅಂತ ನಮ್ಮ ದೇಶದಲ್ಲಿ ಬೇರೆ ಕಾನೂನಿಲ್ಲ. ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲೇ 190ನೇ ಒಡಂಬಡಿಕೆ ತಂದಿದೆ, ಭಾರತ ಅದನ್ನು ಇನ್ನೂ ಒಪ್ಪಿಲ್ಲ. ಒಪ್ಪಬೇಕು ಅಂತ ನಾವೆಲ್ಲ ಕೇಳಬೇಕು. ಆದರೆ ಕಾಟ ಕೆಲವು ಗೆರೆ ದಾಟಿದರೆ ಈಗಿರುವ ಕಾನೂನೇ ಸಾಕು.

ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಇದ್ದರೆ 2013ರ ಕಾಯ್ದೆ ಇದೆ, ಆಫೀಸುಗಳಲ್ಲಿ ಪಾಶ್ ಅಂತ ಕರೆಯುವುದು ಇದನ್ನೇ. ಮೈಮುಟ್ಟಿದರೆ ಮಾತ್ರ ಅಲ್ಲ. ಅಶ್ಲೀಲ ಮಾತು, ಮೆಸೇಜ್, "ನಾನು ಹೇಳಿದ ಹಾಗೆ ಇದ್ದರೆ ಪ್ರಮೋಷನ್" ಅನ್ನುವ ಸೂಚನೆ, ಒಪ್ಪದಿದ್ದಾಗ ಕೆಲಸದಲ್ಲಿ ಕೊಡುವ ಕಾಟ ಎಲ್ಲವೂ ಅದರಲ್ಲಿ ಬರುತ್ತವೆ. 10 ಅಥವಾ ಹೆಚ್ಚು ನೌಕರರಿರುವ ಎಲ್ಲ ಕಡೆ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷರು ಮಹಿಳೆಯೇ ಆಗಿರಬೇಕು, ಹೊರಗಿನ ಒಬ್ಬ ಸದಸ್ಯರು ಇರಬೇಕು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು, ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವಿಚಾರಣೆ ನಡೆಯುವಾಗ ಅವರ ಕೈಕೆಳಗೇ ಕೆಲಸ ಮಾಡಬೇಕಾಗಿಲ್ಲ, ಬೇರೆ ಕಡೆ ಹಾಕಿ ಅಂತ ಅಥವಾ ಮೂರು ತಿಂಗಳವರೆಗೆ ರಜೆ ಕೊಡಿ ಅಂತ ಕೇಳಬಹುದು. ಸಾಕ್ಷಿ ಸಾಲದೆ ದೂರು ಬಿದ್ದುಹೋದರೆ ನಿಮಗೇ ಶಿಕ್ಷೆ ಆಗುತ್ತದೆ ಅಂತ ಹೆದರಿಸುತ್ತಾರೆ. ಅದು ಸುಳ್ಳು. ರುಜುವಾತು ಮಾಡಲು ಆಗಲಿಲ್ಲ ಅನ್ನುವುದೊಂದೇ ಕಾರಣಕ್ಕೆ ಕ್ರಮ ತೆಗೆದುಕೊಳ್ಳುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಕ್ಲಿನಿಕ್ಕು ಆದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಕೇಂದ್ರ ಸರ್ಕಾರದ ಶಿ-ಬಾಕ್ಸ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು.

ಜಾತಿ ಎತ್ತಿ ಬೈದರೆ, ಬೈಸಿಕೊಂಡವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಬೈದದ್ದು ನಾಲ್ಕು ಜನರ ಕಣ್ಣಿಗೆ ಕಿವಿಗೆ ಬೀಳುವ ಜಾಗದಲ್ಲಿ ಆಗಿರಬೇಕು ಅನ್ನುವುದು ಇಲ್ಲಿ ಮುಖ್ಯ. ಮುಚ್ಚಿದ ಕ್ಯಾಬಿನ್‌ನಲ್ಲಿ ಯಾರೂ ಇಲ್ಲದಾಗ ಆಡಿದ ಮಾತಿನ ಕೇಸು ನಿಲ್ಲುವುದು ಕಷ್ಟ. ಅದಕ್ಕೇ ಅಲ್ಲಿ ಯಾರ‍್ಯಾರು ಇದ್ದರು ಅಂತ ಬರೆಯಲು ಮೇಲೆ ಹೇಳಿದ್ದು. ಪೊಲೀಸರಿಗೆ ದೂರು ಕೊಡಬಹುದು, ರಾಜ್ಯದಲ್ಲಿ ಇದಕ್ಕಾಗಿಯೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೂ ಇದೆ.

ಜೀವ ಬೆದರಿಕೆ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್, ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ಮಾತಾಡಿದರೆ 79. ಕೈ ಮಾಡಿದರೆ ಅದು ಆಫೀಸಿನ ಒಳಗಿನ ವಿಷಯ ಅಲ್ಲ, 112ಕ್ಕೆ ಫೋನ್ ಮಾಡಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

"ನೀವಾಗಿಯೇ ರಿಸೈನ್ ಮಾಡಿ" ಅಂದಾಗ

ಇದು ಈಗ ಜಾಸ್ತಿ ನಡೆಯುತ್ತಿದೆ. ಒಂದು ರೂಮಿಗೆ ಕರೆದು, ಮ್ಯಾನೇಜರ್ ಮತ್ತು ಎಚ್‌ಆರ್ ಎದುರು ಕೂತು, "ಅರ್ಧ ಗಂಟೆಯಲ್ಲಿ ರಿಸೈನ್ ಮಾಡಿ, ಇಲ್ಲಾಂದ್ರೆ ಟರ್ಮಿನೇಟ್ ಮಾಡ್ತೀವಿ, ಎಲ್ಲೂ ಕೆಲಸ ಸಿಗಲ್ಲ" ಅನ್ನುತ್ತಾರೆ. ಆ ರೂಮಿನಲ್ಲಿ ಯಾವುದಕ್ಕೂ ಸೈನ್ ಹಾಕಬೇಡಿ, ಪೋರ್ಟಲ್‌ನಲ್ಲಿ ಯಾವ ಬಟನ್ನನ್ನೂ ಒತ್ತಬೇಡಿ. "ಮನೆಯವರ ಹತ್ತಿರ ಮಾತಾಡಿ ನಾಳೆ ಹೇಳ್ತೀನಿ" ಅಂತ ಎದ್ದು ಬನ್ನಿ. ಅವರೇ ತೆಗೆಯುವುದಕ್ಕೂ ನೀವೇ ಬಿಡುವುದಕ್ಕೂ ಕಾನೂನಿನಲ್ಲಿ ಬಹಳ ವ್ಯತ್ಯಾಸ ಇದೆ. ನೀವೇ ಬಿಟ್ಟರೆ ಪರಿಹಾರದ ಪ್ರಶ್ನೆಯೇ ಏಳುವುದಿಲ್ಲ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ, ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವ ಹಾಗಿಲ್ಲ.

ಒತ್ತಾಯಕ್ಕೆ ಸೈನ್ ಹಾಕಿಬಿಟ್ಟಿದ್ದರೂ ಎಲ್ಲ ಮುಗಿಯಿತು ಅಂತ ಅಲ್ಲ. ಅವತ್ತೇ ಅಥವಾ ಮರುದಿನವೇ ಸ್ವಂತ ಮೇಲ್‌ನಿಂದ ಬರೆಯಿರಿ: "ನಿನ್ನೆ ಇಷ್ಟು ಹೊತ್ತಿಗೆ, ಇಂಥವರ ಎದುರು, ಒತ್ತಡ ಹಾಕಿ ಪಡೆದ ರಾಜೀನಾಮೆ ಇದು. ನಾನು ಇದನ್ನು ಹಿಂಪಡೆಯುತ್ತಿದ್ದೇನೆ." ದಿನ ಕಳೆದಷ್ಟೂ ಈ ಮಾತಿಗೆ ಬೆಲೆ ಕಡಿಮೆ.

ಪಿಐಪಿ, ಅಂದರೆ "ಇಷ್ಟು ದಿನದೊಳಗೆ ಕೆಲಸ ಸುಧಾರಿಸಿ ತೋರಿಸಿ" ಅನ್ನುವ ಗಡುವು, ಹಾಕಿದರೆ ಗಾಬರಿ ಆಗಬೇಡಿ, ಆದರೆ ಮೈಯೆಲ್ಲ ಕಣ್ಣಾಗಿರಿ. ಗುರಿ ಏನು, ಅಳೆಯುವುದು ಹೇಗೆ, ಯಾವ ತಾರೀಖಿಗೆ, ಇಷ್ಟನ್ನೂ ಬರೆದು ಕೊಡಿ ಅಂತ ಕೇಳಿ. ಒಪ್ಪಿಗೆ ಇಲ್ಲದಿದ್ದರೆ "ಓದಿದ್ದೇನೆ, ಒಪ್ಪಿಲ್ಲ" ಅಂತ ಬರೆದು ಸೈನ್ ಹಾಕಬಹುದು. ಜೊತೆಗೇ ಬೇರೆ ಕೆಲಸ ಹುಡುಕಲು ಶುರು ಮಾಡಿ. ನೇರವಾಗಿ ಹೇಳಬೇಕೆಂದರೆ, ಎಷ್ಟೋ ಕಡೆ ಪಿಐಪಿ ಹಾಕುವಾಗಲೇ ಕಳಿಸುವ ತೀರ್ಮಾನ ಆಗಿಹೋಗಿರುತ್ತದೆ.

ಲೈನ್ ಮೇಲೆ, ಅಂಗಡಿಯಲ್ಲಿ, ಶಾಲೆಯಲ್ಲಿ

ಇಷ್ಟು ಹೊತ್ತು ಮೇಲ್, ಪೋರ್ಟಲ್ ಅಂದೆ. ಗಾರ್ಮೆಂಟ್ಸ್ ಲೈನ್ ಮೇಲೆ ಕೂತ ಅಕ್ಕನಿಗೆ ಮೇಲ್ ಎಲ್ಲಿಂದ ಬರಬೇಕು? ಅಲ್ಲಿ ಗಂಟೆಗೆ ಇಷ್ಟು ಪೀಸ್ ಅಂತ ಪ್ರೊಡಕ್ಷನ್ ಕೇಳುತ್ತಾರೆ, ಕಡಿಮೆ ಆದರೆ ಸೂಪರ್‌ವೈಸರ್ ಬಾಯಿಗೆ ಬಂದ ಹಾಗೆ ಬೈಯುತ್ತಾನೆ, ಬಟ್ಟೆ ಮುಖಕ್ಕೆ ಎಸೆಯುತ್ತಾನೆ, ಟಾಯ್ಲೆಟ್‌ಗೆ ಹೋಗಲೂ ಬಿಡುವುದಿಲ್ಲ. ಒಬ್ಬರೇ ಎದ್ದು ನಿಂತರೆ ಮರುದಿನ ಬೇರೆ ಲೈನಿಗೆ, ಕಷ್ಟದ ಹೊಲಿಗೆ ಕೆಲಸಕ್ಕೆ ಹಾಕುತ್ತಾರೆ. ಹಾಗಾಗಿ ಅಲ್ಲಿ ಒಟ್ಟಿಗೆ ಹೋಗುವುದೇ ದಾರಿ. ಲೈನಿನ ಹತ್ತು ಜನ ಒಂದು ಹಾಳೆಯಲ್ಲಿ ಬರೆದು ಸೈನ್ ಹಾಕಿ ಕೊಟ್ಟರೆ, ಅದರ ಫೋಟೋ ನಿಮ್ಮ ಹತ್ತಿರ ಇದ್ದರೆ, ಸುಲಭವಾಗಿ ಹರಿದು ಬಿಸಾಡೋಕೆ ಆಗಲ್ಲ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಗಾರರ ಯೂನಿಯನ್‌ಗಳಿವೆ, ಗಾರ್ಮೆಂಟ್ ಲೇಬರ್ ಯೂನಿಯನ್ ಹೆಣ್ಣುಮಕ್ಕಳೇ ನಡೆಸುವ ಸಂಘ. ಐಟಿಯವರಿಗೆ 2017ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಐಟಿ ಐಟಿಇಎಸ್ ನೌಕರರ ಸಂಘ ಇದೆ, ಕಿಟು ಅಂತ ಕರೆಯುತ್ತಾರೆ. ಯೂನಿಯನ್ ಅಂದರೆ ಗಲಾಟೆ ಅನ್ನುವ ಭಯ ಬೇಡ. ಎಷ್ಟೋ ಸಲ ಅವರು ಮಾಡುವುದು ನಿಮ್ಮ ಪರವಾಗಿ ಸರಿಯಾದ ಜಾಗಕ್ಕೆ ಸರಿಯಾದ ಪತ್ರ ಬರೆಯುವುದು.

ಕಾರ್ಮಿಕ ಇಲಾಖೆಗೆ ನೀವೇ ಹೋಗಿ ದೂರು ಕೊಡಬಹುದು. ಬೆಂಗಳೂರಿನಲ್ಲಿ ಡೈರಿ ಸರ್ಕಲ್ ಹತ್ತಿರ, ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಭವನ ಇದೆ. ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿಯ ಕಚೇರಿ ಇರುತ್ತದೆ. ಅರ್ಜಿಯನ್ನು ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲ್ ಮತ್ತು ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. "ನೀವು ಮ್ಯಾನೇಜರ್, ಕಾರ್ಮಿಕರಲ್ಲ" ಅಂತ ಕಂಪನಿಯವರು ವಾದ ಮಾಡುತ್ತಾರೆ. ಕಾರ್ಡಿನ ಮೇಲಿನ ಹುದ್ದೆ ನೋಡಿ ತೀರ್ಮಾನ ಆಗುವುದಿಲ್ಲ, ನಿಜವಾಗಿ ಏನು ಕೆಲಸ ಮಾಡುತ್ತಿದ್ದಿರಿ ಅಂತ ನೋಡುತ್ತಾರೆ.

ಖಾಸಗಿ ಶಾಲೆ, ನರ್ಸಿಂಗ್ ಹೋಂನಲ್ಲಿ ಕೆಲಸಕ್ಕೆ ಸೇರುವವರಿಗೆ ಒಂದೇ ಮಾತು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಬೇಡಿ, ಖಾಲಿ ಚೆಕ್ ಕೊಡಬೇಡಿ. ಆಮೇಲೆ ಕಾಟ ಶುರುವಾದಾಗ ನಿಮ್ಮನ್ನು ಕಟ್ಟಿಹಾಕುವುದು ಅದೇ.

ಮೈ ಮನಸ್ಸಿನ ಬಗ್ಗೆ

ಭಾನುವಾರ ಸಂಜೆ ಆದರೆ ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು, ಮಕ್ಕಳ ಮೇಲೆ ರೇಗುವುದು, ಫೋನ್ ರಿಂಗ್ ಆದರೆ ಎದೆ ಧಸಕ್ಕೆನ್ನುವುದು. ಇದು ನಿಮ್ಮ ದುರ್ಬಲತೆ ಅಲ್ಲ, ತಿಂಗಳುಗಟ್ಟಲೆ ಹೆದರಿಕೊಂಡು ಬದುಕಿದರೆ ಯಾರ ಮೈಯಾದರೂ ಹೀಗೇ ಮಾಡುತ್ತದೆ. ಡಾಕ್ಟರಿಗೆ ತೋರಿಸಿ, ಕಾರಣವನ್ನೂ ಹೇಳಿ, ಚೀಟಿ ಜೋಪಾನ ಮಾಡಿ. ಆ ಚೀಟಿಯೂ ಮುಂದೆ ದಾಖಲೆ. ಮನೆಯಲ್ಲಿ ಒಬ್ಬರಿಗಾದರೂ ಪೂರ್ತಿ ಹೇಳಿ. "ಎಲ್ಲಾ ಕಡೆ ಇದ್ದದ್ದೇ, ಸುಮ್ನಿರು" ಅನ್ನುವವರಿಗೆ ಅಲ್ಲ, ಕೂತು ಕೇಳುವವರಿಗೆ. ಯಾರೂ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಉಚಿತ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಅನ್ನುವ ಯೋಚನೆ ಒಂದು ಸಲ ಸುಳಿದರೂ ಸಾಕು, ದೂರು ಪತ್ರ, ನೋಟ್‌ಬುಕ್ ಎಲ್ಲ ಬದಿಗಿಟ್ಟು ಅವತ್ತೇ ಫೋನ್ ಮಾಡಿ. ಯಾವ ಕೆಲಸವೂ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ.

ಬಿಡುವುದೇ ಸರಿ ಅನ್ನಿಸಿದರೆ

ಕೆಲವು ಕಡೆ ಮಾಲೀಕರೇ ಕಾಟ ಕೊಡುವವರಾಗಿರುತ್ತಾರೆ. ಅಲ್ಲಿ ಹೋರಾಡಿ ಉಳಿಯುವುದಕ್ಕಿಂತ ಬಿಡುವುದೇ ಒಳ್ಳೆಯದು, ಅದನ್ನು ಸೋಲು ಅಂದುಕೊಳ್ಳಬೇಡಿ. ಆದರೆ ನಿಮ್ಮ ಲೆಕ್ಕ ನೋಡಿಕೊಂಡು ಬಿಡಿ. ಕಾಯಂ ಕೆಲಸದಲ್ಲಿ ಐದು ವರ್ಷ ತುಂಬಲು ಕೆಲವೇ ತಿಂಗಳು ಇದ್ದರೆ ಗ್ರಾಚ್ಯುಟಿ ಕಳೆದುಕೊಳ್ಳಬೇಡಿ, ಆಗುವುದಾದರೆ ಅಲ್ಲಿಯವರೆಗೆ ರಜೆ ಹಾಕಿ ತಳ್ಳಿ. ಮೂರು ತಿಂಗಳ ಖರ್ಚಾದರೂ ಕೈಯಲ್ಲಿರಲಿ. ಪಿಎಫ್‌ನ ಯುಎಎನ್‌ಗೆ (ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ನಿಮ್ಮದೇ ಮೊಬೈಲ್ ನಂಬರ್ ಇದೆಯಾ ನೋಡಿ. ಪೇಸ್ಲಿಪ್‌ಗಳನ್ನು, ಆಫರ್ ಲೆಟರನ್ನು ಮೊದಲೇ ಇಳಿಸಿಕೊಳ್ಳಿ, ಕೊನೆಯ ದಿನ ಲಾಗಿನ್ ಸಂಜೆಯವರೆಗೂ ಇರುತ್ತದೆ ಅಂತ ನಂಬಬೇಡಿ. ಹೊಸ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬರಬೇಕಾದ ಸಂಬಳ ಕೊಡಬೇಕು. ಕೊಡದಿದ್ದರೆ ಸೆಕ್ಷನ್ 17 ಅಂತ ಹೆಸರಿಸಿ ಮೇಲ್ ಹಾಕಿ. ರಿಲೀವಿಂಗ್ ಲೆಟರ್ ತಡೆಹಿಡಿದರೂ ಬರವಣಿಗೆಯಲ್ಲೇ ಕೇಳಿ.

ಮುಂದಿನ ಇಂಟರ್‌ವ್ಯೂನಲ್ಲಿ ಹಳೇ ಬಾಸ್ ಬಗ್ಗೆ ಹೇಳಲು ಹೋಗಬೇಡಿ. "ಅಲ್ಲಿ ಕಲಿಯಲು ಇನ್ನೇನೂ ಉಳಿದಿರಲಿಲ್ಲ" ಅಂದರೆ ಸಾಕು. ಬದಲಿಗೆ ನೀವು ಕೇಳಿ: ನನ್ನ ಮ್ಯಾನೇಜರ್ ಯಾರು, ಅವರ ಜೊತೆ ಒಂದು ಸಲ ಮಾತಾಡಬಹುದಾ, ಈ ಜಾಗ ಯಾಕೆ ಖಾಲಿಯಾಯಿತು? ಕೊನೆಯ ಪ್ರಶ್ನೆಗೆ ತಡವರಿಸಿದರೆ ಆ ಟೀಮಿನಿಂದ ಬಿಟ್ಟುಹೋದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಒಂದು ಮಾತು ಕೇಳಿ.

ಇನ್ನು ಇದನ್ನು ಓದುತ್ತಿರುವವರಲ್ಲಿ ಕಾಟ ತಿನ್ನದೆ, ಪಕ್ಕದ ಸೀಟಿನಲ್ಲಿ ಕೂತು ಎಲ್ಲ ನೋಡುತ್ತಿರುವವರೂ ಇರುತ್ತೀರಿ, ಅಲ್ವಾ? ನಿಮ್ಮಿಂದ ಆಗುವ ಕೆಲಸ ಬಹಳ ಇದೆ. ಬೈಯುವಾಗ ಎದ್ದು ನಿಂತು ಜಗಳ ಆಡಿ ಅಂತ ಕೇಳುತ್ತಿಲ್ಲ. ಎಲ್ಲರೂ ನಕ್ಕಾಗ ನೀವು ನಗಬೇಡಿ. ಮೀಟಿಂಗ್ ಮುಗಿದ ಮೇಲೆ ಅವರ ಹತ್ತಿರ ಹೋಗಿ "ನಾನು ನೋಡಿದೆ, ಅವರು ಮಾಡಿದ್ದು ತಪ್ಪು" ಅಂತ ಹೇಳಿ, ಟೀ ಕುಡಿಯಲು ಕರೆದುಕೊಂಡು ಹೋಗಿ. ಅದೇ ದಿನ ಅವರಿಗೆ ಒಂದು ಮೆಸೇಜ್ ಕಳಿಸಿ: "ಇವತ್ತು 10.30ರ ಮೀಟಿಂಗ್‌ನಲ್ಲಿ ಅವರು ನಿನಗೆ ಹೀಗೆ ಹೇಳಿದ್ದು ನಾನು ಕೇಳಿಸಿಕೊಂಡೆ, ಬೇಕಾದಾಗ ಹೇಳಲು ತಯಾರಿದ್ದೇನೆ." ಅವರ ದೂರು ವಿಚಾರಣೆಗೆ ಬಂದಾಗ ಸಮಿತಿಯ ಮುಂದೆ ಇಡಲು ಅವರ ಕೈಯಲ್ಲಿ ನಿಮ್ಮ ಹೆಸರಿನ ಒಂದು ಸಾಲಾದರೂ ಇರುತ್ತದೆ.